ಪಾದ ಹಿಡಿಯುವ ಅಕ್ಕ

ಮಳೆ ಮಧ್ಯಾಹ್ನದಿಂದ ಸುರಿಯುತ್ತಲೇ ಇತ್ತು. ಆಸ್ಪತ್ರೆಯ ಹಿಂಬದಿಯ ಹಾಸ್ಟೆಲಿನಲ್ಲಿ, ಆಗಷ್ಟೇ ಪಾಳಿ ಮುಗಿಸಿ ಬಂದ ನಾಲ್ವರು ನರ್ಸುಗಳು ಒದ್ದೆ ಕೂದಲು ಒರೆಸಿಕೊಳ್ಳುತ್ತ ವಾರ್ಡನ್ ಅಜ್ಜಿಯ ಮಂಚದ ಸುತ್ತ ಕೂತರು. ಅಜ್ಜಿ ಮೂವತ್ತು ವರ್ಷ ಹೃದಯದ ಐಸಿಯುನಲ್ಲೇ ನರ್ಸ್ ಆಗಿದ್ದವರು. ಯಾರೂ ಕೇಳುವ ಮುಂಚೆಯೇ ಶುರುಮಾಡಿದರು.

"ದೆವ್ವದ ಕತೆ ತಾನೇ? ಹೇಳ್ತೀನಿ. ನಡುವೆ ಯಾರಾದ್ರೂ ಕಿಸಕ್ಕಂತ ನಕ್ಕರೆ ಎದ್ದು ಆಚೆ ಹೋಗ್ತಾ ಇರಿ, ಅಷ್ಟೆ.

ನಮ್ಮ ಐಸಿಯುನಲ್ಲಿ ಒಬ್ಬ ಹಿರಿಯಕ್ಕ ಇದ್ದಳು. ನರ್ಸ್ ಪ್ರಾಕ್ಟೀಷನರ್. ಆಗ ಆ ಹುದ್ದೆ ಹೊಸದು ನೋಡಿ... ಡಾಕ್ಟರೂ ಅಲ್ಲ, ಬರೀ ನರ್ಸೂ ಅಲ್ಲ. ಆಪರೇಷನ್ ಮುಗಿಸಿ ಸರ್ಜನ್ನು ಹೊರಟುಹೋದ್ಮೇಲೆ ಔಷಧಿ ಏರಿಸೋದು, ಇಳಿಸೋದು, ಪರೀಕ್ಷೆ ಬರೆಯೋದು, ಏನಾದ್ರೂ ಕೆಟ್ಟರೆ ಮೊದಲು ಕೈಹಾಕೋದು, ಎಲ್ಲ ಅವಳೇ. ಬೆಡ್ ಹತ್ರ ಬಂದ್ರೆ ಮಾನಿಟರ್ ಕಡೆ ತಿರುಗೋಕೂ ಮುಂಚೆ ಹೊದಿಕೆ ಸರಿಸಿ ಪೇಷಂಟಿನ ಕಾಲ್ಬೆರಳು ಹಿಡೀತಿದ್ದಳು. ಹೃದಯ ಸೋತ್ರೆ ಮೊದಲು ತಣ್ಣಗಾಗೋದು ಪಾದ ಅಂತ. ಒಂದಿನ ಹಾಗೇ ಸುತ್ತು ಮುಗಿಸಿ ಕುರ್ಚೀಲಿ ಕೂತೋಳು ಮತ್ತೆ ಏಳಲಿಲ್ಲ. ಅಷ್ಟು ಜನರ ಹೃದಯ ಕಾದೋಳು ತನ್ನದನ್ನ ನೋಡ್ಕೊಳ್ಳಲಿಲ್ಲ, ಪುಣ್ಯಾತ್ಗಿತ್ತಿ!

ಅವಳ ಜಾಗಕ್ಕೆ ಬಂದೋಳು ಮಗ್ಗಿ. ಹೆಸರು ನಾವಿಟ್ಟಿದ್ದು, ಬಿಪಿ, ಪಲ್ಸು ಎಲ್ಲ ಮಗ್ಗಿ ಥರ ಒಪ್ಪಿಸೋಳು. ಪಾದ ಗೀದ ಎಲ್ಲ ಹಳೇ ಕಾಲದ್ದು ಅನ್ನೋಳು. ಒಂದು ಮಧ್ಯಾಹ್ನ, ಇಂಥದೇ ಮಳೆ... ಕಿಟಕಿ ಗಾಜಿನ ಮೇಲೆ ನೀರು ಇಳೀತಾ ಇಳೀತಾ ಇಡೀ ವಾರ್ಡೇ ನೀರೊಳಗೆ ಮುಳುಗಿದಂಗೆ, ಯಂತ್ರಗಳ ಸದ್ದೂ ಎಲ್ಲೋ ದೂರದಿಂದ ತೇಲಿ ಬಂದಂಗೆ. ಹಿಂದಿನ ದಿನ ಬೈಪಾಸ್ ಆದ ಬಸ್ ಡ್ರೈವರೊಬ್ಬ ಮಲಗಿದ್ದ. ಹೊರಗೆ ಬೆಂಚಿನ ಮೇಲೆ ಅವನ ಹೆಂಡ್ತಿ, ಎರಡು ದಿನದಿಂದ ತುತ್ತು ಇಳಿದಿಲ್ಲ. ಎದೆಯೊಳಗಿನ ರಕ್ತ ಆಚೆ ಬರೋ ಡ್ರೈನ್ ನಳಿಕೆ ಇರುತ್ತಲ್ಲ, ಅದರಲ್ಲಿ ಬೆಳಗ್ಗೆಯಿಂದ ಬರ್ತಾನೇ ಇದ್ದ ರಕ್ತ ಇದ್ದಕ್ಕಿದ್ದಂಗೆ ನಿಂತುಹೋಯ್ತು. ಮಗ್ಗಿ ಹೊಟ್ಟೆಗೆ ಹಾಲು ಹೊಯ್ದಂಗಾಯ್ತು. 'ನಿಮ್ಮನೆಯವರಿಗೆ ರಕ್ತ ನಿಂತಿದೆ, ಊಟ ಮಾಡ್ಕೊಂಡು ಬಾಮ್ಮ' ಅಂತ ಆಕೆಗೆ ಹೇಳೋಕೆ ಹೊರಟೇಬಿಟ್ಟಳು. ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ರೇ!

ಆಗ ಡ್ರೈವರು ಮಂಪರಲ್ಲೇ ಮುಲುಗಿದ. 'ಸಿಸ್ಟರ್... ಆ ಅಕ್ಕಂಗೆ ಕಾಲು ಬಿಡೋಕೆ ಹೇಳಿ. ಎಷ್ಟು ಹೊತ್ತಿಂದ ಹಿಡ್ಕೊಂಡಿದ್ದಾರೆ...'

ಕಾಲ ಹತ್ರ ಯಾರಿದ್ದಾರೆ? ಒಂದು ನರಪಿಳ್ಳೇನೂ ಇಲ್ಲ! ಹೊದಿಕೆ ಮಾತ್ರ ಪಾದದಿಂದ ಮೇಲಕ್ಕೆ ಸರಿದಿತ್ತು... ಯಾರೋ ನಿಧಾನಕ್ಕೆ ಮಡಚಿಟ್ಟಂಗೆ. ಮಗ್ಗಿ ಬಾಗಿಲಿಂದ ವಾಪಸ್ ಬಂದು ಮುಟ್ಟಿದಳು. ಪಾದ ಮಂಜುಗಡ್ಡೆ. ತಿರುಗಿ ನೋಡಿದ್ರೆ ಬಿಪಿ ಇಳೀತಾ ಇದೆ. ರಕ್ತ ಎಲ್ಲಿ ನಿಂತಿತ್ತು? ನಳಿಕೇಲಿ ಗಡ್ಡೆ ಕಟ್ಟಿ, ಒಳಗೇ ತುಂಬ್ಕೊಂಡು ಹೃದಯಾನ ಅಮುಕ್ತಿತ್ತು. ಸರ್ಜನ್ನು ಇನ್ನೊಂದು ಆಪರೇಷನ್ನಲ್ಲಿ. ಮಗ್ಗಿ ಹೋಗಿ ಬಾಗಿಲು ತಳ್ಳಿ ಕೂಗಿದಳು, 'ಎದೆ ತೆಗೀಬೇಕು ಸರ್, ಈಗಲೇ!' ಓಡಿ ಬಂದು ಬೆಡ್ ಮೇಲೇ ಹೊಲಿಗೆ ಬಿಚ್ಚಿ ಗಡ್ಡೆ ತೆಗೆದ್ರು. ಬದುಕಿದ. ಅವನ ಹೆಂಡ್ತಿ ಮಗ್ಗೀನ ತಬ್ಬಿಕೊಂಡು ಅತ್ತಳು, ಮಗ್ಗೀನೂ ಅತ್ತಳು, ನಾನೂ ಅತ್ತೆ... ಸುಳ್ಳು ಯಾಕೆ ಹೇಳಲಿ?"

ಅಜ್ಜಿ ಹೊದಿಕೆ ಎಳೆದು ತಮ್ಮ ಪಾದ ಮುಚ್ಚಿಕೊಂಡರು.

"ಪಾಪ, ಆ ಹಿರಿಯಕ್ಕನಿಂದ ಈಗ ಆಗೋದು ಅಷ್ಟೇ, ಕಾಲು ಹಿಡಿಯೋದು. ಉಳಿಸೋದು ಬದುಕಿರೋರ ಕೆಲಸ. ಈಗಲೂ ಬರ್ತಾಳೆ..."

ಬಾಗಿಲ ಕಡೆ ಕೂತಿದ್ದ ಎಲ್ಲರಿಗಿಂತ ಕಿರಿಯ ನರ್ಸ್ ತಲೆ ಒರೆಸುತ್ತಿದ್ದ ಟವೆಲ್ ಕೆಳಗಿಟ್ಟಳು.

"ಅಜ್ಜಿ... ನಮ್ಮ ಐಸಿಯುನ ಆರನೇ ಬೆಡ್ಡಿನ ಮೇಷ್ಟ್ರು, ನಿನ್ನೆ ಬೈಪಾಸ್ ಆದೋರು, ನಾನು ಹೊರಡೋವಾಗ, 'ಯಾರೋ ಕಾಲು ಹಿಡ್ಕೊಂಡಿದ್ದಾರಮ್ಮ' ಅಂದ್ರು. ಕನಸೇನೋ ಅಂತ ಹೊದಿಕೆ ಸರಿಮಾಡಿ ಬಂದೆ."

"ಡ್ರೈನು?"

"ನಿಂತಿದೆ ಅಂತ... ಖುಷಿಯಾಗಿ ಬರೆದು ಬಂದೆ."

ಅಜ್ಜಿ ಮಂಚದಿಂದ ಇಳಿದೇಬಿಟ್ಟರು. "ಇನ್ನೂ ಕೂತಿದ್ದೀಯಲ್ಲೇ! ಐಸಿಯುಗೆ ಫೋನ್ ಮಾಡು, ಓಡು! ಅವಳು ಅಲ್ಲೇ ಇರ್ತಾಳೆ, ನೀನು ಬರೋವರೆಗೂ ಬಿಡಲ್ಲ."