ಹಿಂದಿನ ಬೆಂಚಿನ ದಾಸಮ್ಮ

...ಅಲ್ಲ, ಆ ಸೊಪ್ಪಿನ ಮಂಕರಿ ಮ್ಯಾಲೆ ಬ್ಯಾಡ, ಚಾಪೆ ಮ್ಯಾಲೆ ಕೂತ್ಕಳಿ ಕರೀಮುನ್ನೀಸಾ ಮೇಡಮ್ಮೋರೆ! ಏನೋ ಹೇಳಕ್ಕೆ ಬಂದಿದೀರಿ, ಗೊತ್ತು, ಆಮೇಲೆ ಹೇಳೀರಂತೆ. ಮೊದ್ಲು ಕಾಪಿ. ದಿನಾ ಚನ್ನಪಟ್ಟಣದಿಂದ ಬಸ್ಸಲ್ಲಿ ನೇತಾಡ್ಕೊಂಡು ನಮ್ಮೂರ ಇಸ್ಕೂಲಿಗೆ ಬತ್ತೀರಿ, ಇವತ್ತು ಮನೆ ಗಂಟ ಬಂದಿದೀರಿ, ಈ ದಾಸಮ್ಮ ಹಂಗೇ ಕಳಿಸ್ತಾಳಾ?

ಯಾಕ್ ನಗ್ತೀರಿ? ಮನೆ ತುಂಬ ಸೊಪ್ಪು ಅಂತಲಾ? ಊರೆಲ್ಲ ರಾಗಿ ಬುಟ್ಟು ಹಿಪ್ಪುನೇರಳೆ ಹಾಕವ್ರೆ. ರೇಷ್ಮೆ ಹುಳ ಒಳಗೆ ಮಲಗ್ತವೆ, ಮನುಷ್ರು ಜಗಲಿ ಮ್ಯಾಲೆ! ಈಗ ನಾಕ್ನೇ ಜ್ವರ ಎದ್ದವೆ. ಜ್ವರ ಅಂದ್ರೆ ಕಾಯ್ಲೆ ಅಲ್ಲ ಕಣಿ, ಪೊರೆ ಬುಡಾದು. ಎದ್ದ ಮ್ಯಾಲೆ ಎಷ್ಟು ಸೊಪ್ಪು ಹಾಕಿದ್ರೂ ಸಾಲ್ದು. ಇಂಥ ಟೈಮಲ್ಲಿ ಇಸ್ಕೂಲಿಗೆ ಹೋಗ್ತೀನಿ ಅಂದ್ರೆ ನನ್ನ ಗಂಡ ಲಕ್ಕಯ್ಯ ಒಂದು ಮಾತು ಆಡ್ಲಿಲ್ಲ. ಮಗಳಿಗೋಸ್ಕರ ತಾನೆ, ಹೋಗು, ಸೊಪ್ಪು ನಾನ್ ಹಾಕ್ತೀನಿ ಅಂದ. ಪಾಪ.

ನೆನಸ್ಕೊಂಡ್ರೆ ಈಗ್ಲೂ ನಗು ತಡ್ಯಾಕಾಗಲ್ಲ. ನಮ್ಮ ಭದ್ರಿಗೆ ಏಳು ತುಂಬಿದ್ರೂ ಮಾತು ನೆಟ್ಟಗೆ ಬರಲ್ಲ. ಇಸ್ಕೂಲ್ ಬಾಗಿಲಲ್ಲಿ ಕಿಟಾರಂತ ಕಿರುಚೋಳು, ಒಳಗೆ ಹೋಗೋ ಮಕ್ಳನ್ನ ಹಿಡಿದು ಕಚ್ಚೋಳು. ಹಿಂದಿದ್ದ ಮೇಷ್ಟ್ರು, ಇಂಥದ್ದನ್ನ ಮನೇಲೇ ಇಟ್ಕಳಿ ಅಂತ ಕಳಿಸ್ಬುಟ್ರು. ನೀವು ಮಾತ್ರ ಕೇಳಿದ್ರಿ, ಮನೇಲಿ ಎಲ್ಲಿ ಸುಮ್ಕಿರ್ತಾಳೆ ಅಂತ. ಹುಳದ ಮನೇಲಿ, ಅಂದೆ. ಅಲ್ಲಿಗೆ ಹೆಂಗೆ ಹೋಗ್ತಾಳೆ ಅಂದ್ರಿ. ಕಾಲು ತೊಳ್ಕೊಂಡು, ಅಂದೆ. ಕೊಳಕು ಕಾಲಲ್ಲಿ ಹೋದ್ರೆ ಹುಳಕ್ಕೆ ರೋಗ ಬತ್ತದಲ್ಲ, ನಾವೆಲ್ಲ ಹಂಗೇ. ಮಾರನೆ ದಿನ ನೋಡಿದ್ರೆ ಇಸ್ಕೂಲ್ ಬಾಗಿಲಲ್ಲಿ ಬಕೀಟು! ಮಕ್ಳೆಲ್ಲ ಕಾಲು ತೊಳ್ಕೊಂಡು ಒಳಗೆ ಹೋದ್ರು, ಇವಳೂ ತೊಳ್ಕೊಂಡು ಸುಮ್ಕೆ ಹೋದ್ಲು. ಅಷ್ಟು ಮಕ್ಳೂ ಹುಳದ ಹಂಗೆ ಸತ್ತೋಯ್ತವೆ ಅಂತ ಹೆದರಿತ್ತು ಕಣಿ ನನ್ನ ಕೂಸು. ಕಾವಲು ಕಾಯ್ತಿತ್ತು! ಹೆಡ್‌ಮೇಷ್ಟ್ರು ನಂಜುಂಡಯ್ಯನೋರು ಆ ನೀರಲ್ಲಿ ಜಾರಿ... ಪಂಚೆ ಹಿಡ್ಕೊಂಡು... ಹ್ಹ ಹ್ಹ... ನಗಬಾರ್ದು, ದೊಡ್ಡೋರು.

ಆವತ್ತೇ ನೀವು ಅಂದಿದ್ದು, ಒಸಿ ದಿನ ಜೊತೇಲಿ ಬಂದು ಹಿಂದಿನ ಬೆಂಚಲ್ಲಿ ಕೂತ್ಕಳಿ, ಅವ್ಳಿಗೆ ಧೈರ್ಯ ಅಂತ.

ಏನಂದ್ರಿ? ನಾಳೆಯಿಂದ... ಬರೋದ್ ಬ್ಯಾಡ್ವಾ?

ಎಲ್ಲಾದ್ರೂ ಉಂಟಾ! ನಾನಿಲ್ದೆ ಇರ್ತಾಳಾ ಅವ್ಳು? ನಿನ್ನೆ ಸಂಜೆ ಮನೇಲಿ ಎಂಥ ರಂಪ ಅಂತೀರಿ! ತಟ್ಟೆ ಎಸೆದ್ಲು. ಕಚ್ಚಿದ್ಲು, ನೋಡಿ ಈ ಕೈ... ಇದಾ? ಇದು ಸೊಪ್ಪು ಕತ್ತರಿಸೋವಾಗ ಆಗಿದ್ದು. ಆ ಕೈಗೆ ಕಚ್ಚಿದ್ದು. ಮಾಯ್ದೋಯ್ತು. ಗಂಟೆ ಹೊಡೆದ್ರೆ ಓಡ್ಬಂದು ನನ್ನ ಸೆರಗು ಹಿಡ್ಕೊತಾಳೆ ಕಣಿ. ನೀವು ಬೋರ್ಡ್ ಕಡೆ ತಿರುಗಿರ್ತೀರಲ್ಲ, ಆಗ.

ಯಾಕಿಂಗೆ ನೋಡ್ತೀರಿ?

ಅಂಗಳದಲ್ಲಿ ಏನೈತೆ? ಹೂಂ, ಭದ್ರೀನೇ. ಪಕ್ಕದ ಮನೆ ಅಮೀರುನ್ನೀಸಾ ಮಗಳ ಜೊತೆ ಕುಂಟೆಬಿಲ್ಲೆ ಆಡ್ತಾವ್ಳೆ. ಹೂಂ, ನಗ್ತಾವ್ಳೆ. ಅದೇನೋ ಇವತ್ತೊಂದು ದಿನ...

ಕುಡೀರಿ ಮೇಡಮ್ಮೋರೆ. ಕಾಪಿ ಆರೋಯ್ತದೆ.

ಲೋಟ ಯಾಕ್ ಕೆಳಗಿಟ್ರಿ?

...ರಂಪ ಇಲ್ಲ. ಕಚ್ಚಿಲ್ಲ. ಸೆರಗು ಹಿಡಿಯೋದು ಬುಟ್ಟು ಸುಮಾರು ದಿನ ಆಯ್ತು. ನನ್ನ ಪಕ್ಕ ಕೂರೋದೂ ಇಲ್ಲ, ಮುಂದ್ಲ ಸಾಲಿಗೆ ಓಡೋಯ್ತಾಳೆ, ತಿರುಗಿ ಸೈತ ನೋಡಲ್ಲ. ಸಂತೋಸ ಆಗಲ್ವಾ ನಂಗೆ? ಆಯ್ತದೆ. ಹೊಟ್ಟೆ ತುಂಬ ಆಯ್ತದೆ. ಆದ್ರೆ ನೀವು ಕಾಗುಣಿತ ಹೇಳಿಸ್ತೀರಲ್ಲ, ಮಕ್ಳೆಲ್ಲ ಒಟ್ಟಿಗೆ ಕೂಗ್ತವಲ್ಲ, ಅದ್ರಲ್ಲಿ ಒಂದು ದಪ್ಪ ಗಂಟ್ಲು ನಿಮ್ಮ ಕಿವಿಗೂ ಬಿದ್ದಿರ್ಬೇಕು. ಚಿಕ್ಕೋಳಾಗಿದ್ದಾಗ ನನ್ನ ಇಸ್ಕೂಲಿಗೆ ಯಾರೂ ಕಳಿಸ್ಲಿಲ್ಲ. ಈಗ ಬಸ್ಸಿನ ಬೋರ್ಡಲ್ಲಿ ಒಂದೊಂದು ಅಕ್ಷರ ಕೂಡ್ಸಿ ಓದ್ತೀನಿ. ಊರಿನ ಹೆಸರು ಪೂರ್ತಿ ಓದೋಷ್ಟ್ರಲ್ಲಿ ಬಸ್ಸು ಹೊಂಟೋಯ್ತದೆ.

ಮೇಡಮ್ಮೋರೆ, ಲಕ್ಕಯ್ಯ ಹುಳಕ್ಕೆ ಸೊಪ್ಪು ಹಾಕಿ ಈಗ ಬತ್ತಾನೆ. ಭದ್ರಿಗೆ ಇನ್ನೂ ಒಸಿ ದಿನ ಅವರವ್ವ ಜೊತೇಲಿರ್ಬೇಕು ಅಂತ ನೀವೇ ಒಂದು ಮಾತು ಹೇಳ್ಬುಡಿ.