ಕೋಡು ಮುರಿದ ಬಸವ ನಮ್ಮ ಮನೆಯದು

ಹೇಳಿಕೆ ಕೊಡುವವರು: ನಂಜೇಶ್ ಬಿನ್ ದೊಡ್ಡಸಿದ್ದಯ್ಯ, ವಯಸ್ಸು 26 ವರ್ಷ, ಲಿಂಗಾಯತ ಜನಾಂಗ, ಬಿತ್ತನೆ ಬೀಜ ಮತ್ತು ಗೊಬ್ಬರದ ವ್ಯಾಪಾರ, ವಾಸ ಕಳಲೆ ಗ್ರಾಮ, ನಂಜನಗೂಡು ತಾಲ್ಲೂಕು, ಮೈಸೂರು ಜಿಲ್ಲೆ.

ದಿನಾಂಕ 12-10-1997ರ ಭಾನುವಾರ ಸಂಜೆ ಠಾಣೆಯಲ್ಲಿ ಹಾಜರಿದ್ದು, ರೈಟರ್ ಅವರು ಕೇಳಿದ್ದಕ್ಕೆ ನಾನು ಈ ಮೂಲಕ ಬರೆಸುವುದೇನೆಂದರೆ, ಇಲ್ಲಿ ಮೇಜಿನ ಮೇಲೆ ಇಟ್ಟಿರುವ ಕೋಡು ಮುರಿದ ಕಲ್ಲಿನ ಬಸವ ನಮ್ಮ ಮನೆಯದು. ಕದ್ದದ್ದಲ್ಲ. ಮೊದಲು ಅದನ್ನು ಬರೆದುಕೊಳ್ಳಿ, ಮಿಕ್ಕದ್ದು ಆಮೇಲೆ ಹೇಳುತ್ತೇನೆ ಎಂದು ನಾನು ಪಟ್ಟು ಹಿಡಿದಿದ್ದರಿಂದ ಅದನ್ನು ಮೊದಲು ಬರೆಯಲಾಗಿದೆ.

ನನ್ನ ಜೊತೆ ಬಂದಿದ್ದವರು ಇಬ್ಬರು ಸ್ನೇಹಿತರು. ಒಬ್ಬ ಮದನ್, ನಂಜನಗೂಡಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ಇನ್ನೊಬ್ಬ ರಾಜೇಂದ್ರ ಬಿನ್ ದೇವಯ್ಯ, ನಮ್ಮ ಕಳಲೆಯವನೇ, ಚರಿತ್ರೆಯಲ್ಲಿ ಎಂ.ಎ. ಮಾಡಿದ್ದಾನೆ. ಅವನ ಮನೆಯವರು ಬೌದ್ಧರು. ಮೂವರೂ ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವರು. ಹೋದ ತಿಂಗಳು ಮೇಷ್ಟ್ರ ಕೆಲಸದ ಆಯ್ಕೆ ಪಟ್ಟಿಯಲ್ಲಿ ರಾಜೇಂದ್ರನ ಹೆಸರು ಬಂದಿದೆ. ಆರ್ಡರ್ ಕೈಗೆ ಬರಬೇಕಾದರೆ ಪೊಲೀಸ್ ವೆರಿಫಿಕೇಷನ್ ಆಗಬೇಕು. ಯಾವುದಾದರೂ ಠಾಣೆಯಲ್ಲಿ ಅವನ ಮೇಲೆ ಕಳ್ಳತನದ ಕೇಸಿದೆ ಎಂದು ಬಂದರೆ ಕೆಲಸ ಹೋದ ಹಾಗೆಯೇ. ನಾನು ಸಂಜೆಯಿಂದ ಇಲ್ಲಿ ಇಷ್ಟು ಕೂಗಾಡುತ್ತಿರುವುದು ಅದಕ್ಕೇ.

ಬಸವನ ವಿಚಾರ. ಅದನ್ನು ನಮ್ಮ ಅಜ್ಜಿ ಚನ್ನಾಜಮ್ಮನವರು ಮದುವೆಯಾಗಿ ಬರುವಾಗ ತವರಿನಿಂದ ತಂದರು. ದೇವರ ಗೂಡಿನಲ್ಲಿತ್ತು. ಈ ಮಳೆಗಾಲದಲ್ಲಿ ಹೆಂಚು ಜಾರಿ ಬಿದ್ದು ಎಡಗೋಡು ಮುರಿಯಿತು. ಊನವಾದ ದೇವರನ್ನು ಮನೆಯಲ್ಲಿಟ್ಟು ಪೂಜೆ ಮಾಡಬಾರದು, ಹರಿಯುವ ನೀರಿಗೆ ಬಿಡಬೇಕು. ಅದರಲ್ಲೂ ಪೂಜೆ ಮಾಡಿದ ಮನೆಯವರ ಕೈಯಿಂದ ಬಿಡಬಾರದು, ಹೊರಗಿನವರ ಕೈ ಆಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ನಂಜನಗೂಡಿನ ಕಪಿಲೆಗೇ ಬಿಡಬಹುದಿತ್ತಲ್ಲ ಎಂದು ರೈಟರ್ ಕೇಳಿದರು. ಸ್ನಾನಘಟ್ಟದಲ್ಲಿ ಕಾಸು ಹೆಕ್ಕಲು ಮುಳುಗುವವರು ಇದನ್ನೂ ಎತ್ತಿ ದಡಕ್ಕೆ ಹಾಕುತ್ತಾರೆ, ಕಂಡವರ ಕಾಲಿಗೆ ಸಿಗುತ್ತದೆ, ಆಳದ ಮಡುವೇ ಬೇಕು ಎಂದು ಅಜ್ಜಿ ಹಟ ಹಿಡಿದರು. ದಸರಾ ರಜೆಗೆ ತಲಕಾಡಿನ ಗುಡಿಗಳನ್ನು ನೋಡಿ ಬರೋಣ ಎಂದು ನಾವು ಮೂವರು ಮೊದಲೇ ಮಾತಾಡಿಕೊಂಡಿದ್ದೆವು. ಹೇಗೂ ಕಾವೇರಿ ಕಡೆಗೇ ಹೋಗುತ್ತೀರಲ್ಲ, ಇದನ್ನೂ ಮುಗಿಸಿ ಬನ್ನಿ ಎಂದು ಅಜ್ಜಿ ಹೇಳಿದರು.

ಮದನ್ ಒಪ್ಪಲಿಲ್ಲ. ತಂಗಿ ಪವಿತ್ರಳ ಮದುವೆ ಗೊತ್ತಾಗಿದೆ, ಇಂಥಾ ಹೊತ್ತಲ್ಲಿ ಊನವಾದ ದೇವರನ್ನು ಮುಟ್ಟಿ ದೋಷ ತಲೆಗೆ ಕಟ್ಟಿಕೊಳ್ಳಲಾರೆ ಎಂದ. ರಾಜೇಂದ್ರ ನಕ್ಕು, ತನಗೆ ಯಾವ ದೋಷವೂ ತಟ್ಟುವುದಿಲ್ಲ, ಕೊಡಜ್ಜಿ ಇಲ್ಲಿ ಎಂದ. ಅಜ್ಜಿ ಅವನನ್ನು ದೇವರ ಗೂಡಿನ ತನಕ ಕರೆದು ಅವನ ಎರಡೂ ಕೈಗೆ ಬಸವನನ್ನು ಇಟ್ಟರು. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿರುವವನು ಅಲ್ಲಿಯ ತನಕ ಜಗಲಿ ದಾಟಿರಲಿಲ್ಲ. ಇದನ್ನೂ ಬರೆಯಬೇಕೆ ಎಂದು ರೈಟರ್ ಕೇಳಿದರು. ಬರೆಯಿರಿ ಎಂದೆ.

ಬೆಳಿಗ್ಗೆ ಏಳರ ಬಸ್ಸಿಗೆ ನಂಜನಗೂಡು ಬಿಟ್ಟು ತಿ. ನರಸೀಪುರಕ್ಕೆ ಬಂದೆವು. ಸಂಗಮದಲ್ಲಿ ರಜೆಯ ಜನ ಜಾತ್ರೆಯಂತೆ ಸೇರಿದ್ದರು, ಅಲ್ಲಿ ಇಳಿಯಲಿಲ್ಲ. ತಲಕಾಡಿನ ಬಸ್ಸಿನಲ್ಲಿ ರಾಜೇಂದ್ರ ರೆಕ್ಸಿನ್ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕಂಡಕ್ಟರ್ ಬ್ಯಾಗನ್ನು ಸರಿಸಲು ಹೋಗಿ, ಏನ್ರೀ ಇದು, ಕಲ್ಲು ತುಂಬಿದ್ದೀರಾ ಎಂದು ಕೇಳಿದರು. ಬಸವಣ್ಣ ಸಾ, ಬೇಕಾದ್ರೆ ಆಫ್ ಟಿಕೆಟ್ ಆಕ್ಕೊಳ್ಳಿ ಎಂದು ರಾಜೇಂದ್ರ ಹೇಳಿದ. ಹತ್ತಾರು ಜನ ನಕ್ಕರು. ಆ ಕಂಡಕ್ಟರನ್ನು ಕರೆಸಿ ಕೇಳಿ. ಬಸವನನ್ನು ಕದಿಯಲು ಹೋಗುವವನು ಹೋಗುವಾಗಲೇ ಬಸವನನ್ನು ಹೊತ್ತುಕೊಂಡು ಹೋಗುತ್ತಾನೆಯೇ? ಅಷ್ಟು ಬುದ್ಧಿ ಬೇಡವೇ ಹೊಡೆಯುವವರಿಗೆ?

ತಲಕಾಡಿನಲ್ಲಿ ವೈದ್ಯೇಶ್ವರನ ಗುಡಿ ನೋಡಿಕೊಂಡು, ಮರಳು ಹತ್ತಿ ಇಳಿದು ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಎಲ್ಲ ಮುಗಿಸಿದೆವು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಮದನ್ ಹಸಿವು ಎನ್ನುತ್ತಿದ್ದ. ರಾಜೇಂದ್ರನಿಗೆ ಹಸಿವೂ ಇಲ್ಲ, ಬಿಸಿಲೂ ಇಲ್ಲ. ಮುರುಕು ಕಲ್ಲು ಕಂಡರೆ ಸಾಕು, ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಾನೆ. ಹೊಳೆಯ ಮೇಲುಗಡೆ ಎರಡು ಕಿಲೋಮೀಟರ್ ಹೋದರೆ ಯಾರೂ ಹೋಗದ ಒಂದು ಪಾಳು ಗುಡಿ ಇದೆ, ಕಂಬದಲ್ಲಿ ಬರಹ ಇದೆಯಂತೆ, ಪಕ್ಕದಲ್ಲೇ ಮಡು, ಅಜ್ಜಿ ಹೇಳಿದ ಕೆಲಸವೂ ಆಗುತ್ತದೆ ಎಂದ. ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಹೋದೆವು. ಆಗ ಮಧ್ಯಾಹ್ನ ಒಂದು ಗಂಟೆ ಇರಬಹುದು.

ಆ ಗುಡಿಗೆ ಸೂರಿಲ್ಲ. ನಾಲ್ಕು ಕಂಬ, ಅರ್ಧ ಗೋಡೆ. ಒಳಗೆ ನೆಲ ಅಗೆದು ಎದೆಮಟ್ಟದ ಗುಂಡಿ ಮಾಡಿದ್ದರು. ಗುಂಡಿಯ ಅಂಚಿನಲ್ಲಿ ಒಂದು ಪೀಠ, ಅದರ ಮೇಲೆ ಏನೂ ಇರಲಿಲ್ಲ. ಅದನ್ನು ನೋಡಿ ರಾಜೇಂದ್ರನ ಮುಖ ಬಾಡಿತು. ಯಾರೋ ನಿಧಿ ಆಸೆಗೆ ಬಸವನನ್ನು ಕಿತ್ತುಕೊಂಡು ಹೋಗಿದ್ದಾರೆ, ಹಾಳಾದವರು ಎಂದು ಬೈದ. ಗುಂಡಿಯೊಳಗೆ ಅಕ್ಷರ ಇರುವ ಚಪ್ಪಡಿ ಕಾಣುತ್ತದೆ, ಓದಿ ಬಂದುಬಿಡುತ್ತೇನೆ ಎಂದು ಬ್ಯಾಗಿನ ಸಮೇತ ಇಳಿದ. ಬ್ಯಾಗನ್ನು ಮೇಲೆ ಇಟ್ಟು ಇಳಿಯೋ ಎಂದೆ. ಅಜ್ಜಿ ನನ್ನ ಕೈಗೆ ಕೊಟ್ಟದ್ದು, ನೀರು ಸಿಗುವ ತನಕ ನೆಲಕ್ಕೆ ಇಡುವುದಿಲ್ಲ ಎಂದ. ನಂಬದವನಿಗೆ ಇಷ್ಟೊಂದು ನೇಮ ಯಾಕೋ ಎಂದು ಮದನ್ ರೇಗಿಸಿದ. ನಾನೂ ಮದನನೂ ಮಡು ಎಲ್ಲಿ ಆಳವಿದೆ ಎಂದು ನೋಡಲು ಹೊಳೆಯ ಕಡೆ ನೂರು ಗಜ ಹೋದೆವು.

ಅಷ್ಟರಲ್ಲಿ ಕೂಗು ಕೇಳಿತು. ಓಡಿ ಬಂದೆವು. ಹದಿನೈದು ಇಪ್ಪತ್ತು ಜನ ಗಂಡಸರು ದೊಣ್ಣೆ, ಗುದ್ದಲಿ ಹಿಡಿದು ಗುಂಡಿಯ ಸುತ್ತ ನಿಂತಿದ್ದರು. ಅವರ ಊರಿನ ಬಸವ ಹೋಗಿ ಹದಿನೈದು ದಿನವಾಗಿತ್ತಂತೆ, ಅವತ್ತಿನಿಂದ ಸರದಿ ಮೇಲೆ ಕಾವಲಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕೇಳಿ ಹೊಡೆಯಬೇಕಲ್ಲವೇ? ಒಬ್ಬ ಬ್ಯಾಗನ್ನು ಕಿತ್ತುಕೊಂಡು ಸುರಿದ. ಹಳೇ ಪಂಚೆಯಲ್ಲಿ ಸುತ್ತಿದ ಬಸವ ಬಿತ್ತು. ಜೊತೆಗೆ ನೀರಿಗೆ ಬಿಡುವಾಗ ಪೂಜೆಗೆಂದು ಅಜ್ಜಿ ಕಟ್ಟಿಕೊಟ್ಟಿದ್ದ ನಿಂಬೆಹಣ್ಣು, ಕುಂಕುಮ, ಕರ್ಪೂರ, ವೀಳ್ಯದೆಲೆ ಬಿದ್ದವು. ಅದನ್ನು ನೋಡಿದ ಮೇಲೆ ಯಾರೂ ಯಾರ ಮಾತನ್ನೂ ಕೇಳಲಿಲ್ಲ. "ನಿಂಬೆಅಣ್ಣು ನೋಡ್ಲಾ, ಕುಂಕುಮ ನೋಡ್ಲಾ, ನಿಧಿ ಪೂಜೆಗೇ ಬಂದವ್ರೆ, ಸಿಕ್ಕುದ್ರು ಕಣ್ರಲಾ" ಎಂದು ಕೂಗಿದರು. ಮೂವರಿಗೂ ಏಟು ಬಿತ್ತು. ಎಷ್ಟು ಏಟು, ಎಷ್ಟು ಗಂಟೆಗೆ ಎಂದು ರೈಟರ್ ಕೇಳುತ್ತಾರೆ. ಏಟು ತಿನ್ನುವಾಗ ಗಡಿಯಾರ ನೋಡಿಕೊಳ್ಳಲು ನಾನೇನು ಸ್ಟೇಷನ್ ಮಾಸ್ತರನೇ?

ಆಮೇಲೆ ಯಾವೂರು, ಯಾರ ಮಗ, ಯಾವ ಜನ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮದನ್ ಹೇಳಿದ. ನಾನು ಹೇಳಿದೆ. ನಮ್ಮಿಬ್ಬರ ಕೊರಳಪಟ್ಟಿ ಬಿಟ್ಟರು. ರಾಜೇಂದ್ರ ತಾನು ಬೌದ್ಧ ಎಂದ. ಅಂದರೆ ಯಾವ ಜನ ಎಂದು ಮತ್ತೆ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ. ದೇವ್ರು ಇಲ್ದೋನೇ ದೇವ್ರು ಕದಿಯೋದು ಎಂದು ಒಬ್ಬ ಹೇಳಿ ದೊಣ್ಣೆ ಬೀಸಿದ. ರಾಜೇಂದ್ರ ತಲೆಗೆ ಅಡ್ಡ ಹಿಡಿದ ಬಲಗೈ ಮುರಿಯಿತು. ಮುರಿದ ಸದ್ದು ನನಗೆ ಕೇಳಿಸಿತು. ಗಾಡಿ ಹಗ್ಗ ತಂದು ಅವನೊಬ್ಬನನ್ನೇ ಕಂಬಕ್ಕೆ ಕಟ್ಟಿದರು.

ಬಸವ ನನ್ನದು, ಅವನನ್ನು ಬಿಡಿ, ನನ್ನನ್ನು ಕಟ್ಟಿ ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ನಂಬಲಿಲ್ಲ. ನೀವು ಒಳ್ಳೆ ಮನೆಯವರು, ಇಂಥವನ ಸಾವಾಸ ಮಾಡಿ ಕೆಟ್ಟಿದ್ದೀರಿ, ಊರಿಗೆ ಓಗಿ ಎಂದು ನನಗೇ ಬುದ್ಧಿ ಹೇಳಿದರು. ಅವರ ಯಜಮಾನ ರಂಗನಾಯಕ ಎಂಬುವರು ಒಬ್ಬನನ್ನು ಸೈಕಲ್ಲಿನಲ್ಲಿ ಈ ಠಾಣೆಗೆ ಕಳಿಸಿದರು. ಬಸವನ ಸಮೇತ ರಾಜೇಂದ್ರ ಎಂಬ ಕಳ್ಳನನ್ನು ಹಿಡಿದಿದ್ದೇವೆ ಎಂದು ಅವನು ಬರೆದು ಕೊಟ್ಟದ್ದೇ ಈಗ ಇಲ್ಲಿರುವ ಮೊದಲನೇ ದೂರು. ಜೀಪು ಬರುವ ತನಕ ಯಾಕೆ ಕಾಯೋದು, ಮಡುವಿಗೆ ಆಕುದ್ರೆ ಆಯ್ತಲ್ಲ ಎಂದು ಹಿಂದಿನಿಂದ ಒಬ್ಬ ಹೇಳಿದ. ಯಾರೂ ಬೇಡ ಎನ್ನಲಿಲ್ಲ. ಇಬ್ಬರು ಹಗ್ಗದ ಗಂಟಿಗೆ ಕೈ ಹಾಕಿದರು. ರಾಜೇಂದ್ರ ನನ್ನ ಕಡೆ ನೋಡಿದ.

ಆಗ ಆ ಬರಿದಾದ ಪೀಠ ನನ್ನ ಕಣ್ಣಿಗೆ ಬಿತ್ತು. ನೆಲದಲ್ಲಿ ಬಿದ್ದಿದ್ದ ಬಸವನನ್ನು ಎತ್ತಿಕೊಂಡು ಜನರ ನಡುವೆ ನುಗ್ಗಿ ಹೋಗಿ ಪೀಠದ ಗುಳಿಯೊಳಗೆ ಇಟ್ಟೆ. ಒರಳಿನೊಳಗೆ ಅಡಿಕೆ ಇಟ್ಟ ಹಾಗೆ ಕಂಡಿತು. ನೋಡ್ರಯ್ಯ, ನಿಮ್ಮ ಬಸವ ಇಷ್ಟೇ ಇತ್ತಾ, ಬಾಯಿ ಬಿಟ್ಟು ಹೇಳ್ರಯ್ಯ ಎಂದು ಕೇಳಿದೆ. ಎಲ್ಲರೂ ಪೀಠ ನೋಡಿದರು. ಆಡು ಮೇಯಿಸಿಕೊಂಡು ಬಂದು ನಿಂತಿದ್ದ ಮುತ್ತಮ್ಮ ಎಂಬ ಮುದುಕಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸುತ್ತೇನೆ: "ಥೂ ನಿಮ್ಮ. ನಮ್ ಬಸವಪ್ಪನ ಮ್ಯಾಲೆ ಕೂತ್ಕಂಡು ನಿಮ್ಮಪ್ಪದೀರು ಆಡಿದ್ರು ಕಣ್ರಲಾ. ಇದ್ರು ಮ್ಯಾಲೆ ಒಂದು ಕೋಳಿ ಕೂರಕ್ಕಾದದಾ? ಬಿಚ್ರಲಾ ಅಗ್ಗವ." ಬಿಚ್ಚಿದರು. ಅವರೇ ಸೆರಗು ಹರಿದು ರಾಜೇಂದ್ರನ ಕೈಗೆ ಕಟ್ಟಿದರು. ಆಮೇಲೆ ಜೀಪು ಬಂತು.

ಈಗ ರಂಗನಾಯಕರು ಹೊರಗೆ ಬೆಂಚಿನ ಮೇಲೆ ಕೂತು, ತಿಳಿಯದೆ ಆದದ್ದು, ಎರಡೂ ಕಡೆ ಏನೂ ಬೇಡ, ರಾಜಿ ಮಾಡಿಕೊಳ್ಳೋಣ ಎನ್ನುತ್ತಿದ್ದಾರೆ. ಆಸ್ಪತ್ರೆಗೆ ಹೋಗುವಾಗ ರಾಜೇಂದ್ರನೂ, ಬಿಟ್ಟುಬಿಡೋ ನಂಜೇಶ, ಕೇಸು ಅಂತಾದರೆ ನನ್ನ ಆರ್ಡರ್ ನಿಲ್ಲುತ್ತದೆ ಎಂದ. ಮದನ್ ಸಹ ತಂಗಿ ಮದುವೆ ಇದೆ ಎಂದು ಸಹಿಗೆ ಹಿಂಜರಿದು ಆರು ಗಂಟೆ ಬಸ್ಸಿಗೆ ಹೋದ. ನಾನು ಬಿಡುವುದಿಲ್ಲ. ಸುಮ್ಮನೆ ಎದ್ದು ಹೋದರೆ ಠಾಣೆಯಲ್ಲಿ ಉಳಿಯುವುದು ಆ ಮೊದಲನೇ ದೂರು ಒಂದೇ. ನಾಳೆ ವೆರಿಫಿಕೇಷನ್‌ಗೆ ಬಂದವರು ಅದನ್ನೇ ಓದುತ್ತಾರೆ. ಬಸವನ ಮಾಲೀಕ ನಾನು. ತರಿಸಿದವನು ನಾನು. ಅವನು ನಮ್ಮ ಮನೆಯ ಭಾರ ಹೊತ್ತವನು. ಆದ್ದರಿಂದ ರಾಜೇಂದ್ರನ ಹೆಸರನ್ನು ಆರೋಪಿ ಎಂದು ಎಲ್ಲಿಯೂ ನಮೂದಿಸಬಾರದೆಂದೂ, ಅವನನ್ನು ಕಟ್ಟಿ ಕೈ ಮುರಿದವರ ಮೇಲೆ ಕ್ರಮ ಕೈಗೊಳ್ಳಬೇಕೆಂದೂ ಕೋರುತ್ತೇನೆ.

ಇನ್ನೊಂದು ಕೋರಿಕೆ. ಠಾಣೆಯ ಯಾರೋ ಪುಣ್ಯಾತ್ಮರು ಬಸವನಿಗೆ ದಾಸವಾಳ ಮುಡಿಸಿದ್ದರು. ಊನವಾದ ದೇವರಿಗೆ ಹೂವಿಡಬಾರದು ಎಂದೆ, ತೆಗೆದರು. ಬಸವನನ್ನು ನಮಗೆ ವಾಪಸ್ ಕೊಡಬೇಕು, ಇನ್ನೂ ನೀರಿಗೆ ಬಿಟ್ಟಿಲ್ಲ. ಎಸ್‌ಟಿಡಿ ಬೂತಿನಿಂದ ಕಳಲೆಯ ಪಕ್ಕದ ಮನೆಗೆ ಫೋನ್ ಮಾಡಿ ಅಜ್ಜಿಯನ್ನು ಕರೆಸಿದೆ. ನಡೆದದ್ದು ಹೇಳಿದೆ. ಅವರು ಮೊದಲು ಕೇಳಿದ್ದು ಅವನು ಉಂಡನೇ ಎಂದು. ರಾಜೇಂದ್ರನ ಬಲಗೈ ಮುರಿದಿದೆ, ಬೇರೆ ಯಾರಿಂದಲಾದರೂ ಬಿಡಿಸಲೇ ಎಂದು ಕೇಳಿದೆ. ದೇವರ ಕೆಲಸಕ್ಕೆ ಎಡಗೈ ಮುಂದೆ ಮಾಡಿದರೆ ಮೊಟಕುತ್ತಿದ್ದ ಅಜ್ಜಿ ನಮ್ಮವರು. ಅವರೇ, "ಎಡಗೈಯಾದ್ರೂ ಸರಿ, ಅವನ ಕೈಯೇ ಆಗ್ಬೇಕು. ಆಮೇಲೆ ಅವನ್ನ ಸೀದಾ ಮನೆಗೆ ಕರ್ಕೊಂಡು ಬಾ, ಒಳಕ್ಕೆ" ಎಂದರು.

ಇಷ್ಟು ಬರೆಸುವ ಹೊತ್ತಿಗೆ ರಾಜೇಂದ್ರ ಕೈಗೆ ಪಟ್ಟಿ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದ. ಅವನ ಎದುರಿಗೇ ರೈಟರ್ ಅವರು ಪೂರ್ತಿ ಗಟ್ಟಿಯಾಗಿ ಓದಿದರು. ಬಿಟ್ಟುಬಿಡು ಎಂದವನು ಕೇಳುತ್ತಾ ಕೇಳುತ್ತಾ ಬೆಂಚಿನಿಂದ ಎದ್ದು ಬಂದು, ನಾನೂ ಸಾಕ್ಷಿ ಹಾಕುತ್ತೇನೆ ಎಂದ. ಪೆನ್ನು ಹಿಡಿಯಲು ಆಗಲಿಲ್ಲ. ಓದಿದ್ದರಲ್ಲಿ ನಾನು ಹೇಳದೇ ಇದ್ದದ್ದು ಯಾವುದೂ ಸೇರಿಲ್ಲ, ಹೇಳಿದ್ದು ಯಾವುದೂ ಬಿಟ್ಟಿಲ್ಲ, ಎಲ್ಲವೂ ನಡೆದಂತೆಯೇ ಇದೆ ಎಂದು ಒಪ್ಪಿ ಕೆಳಗೆ ಸಹಿ ಮಾಡಿದ್ದೇನೆ.

ಸ್ಥಳ: ತಿ. ನರಸೀಪುರ ತಾಲ್ಲೂಕು
ದಿನಾಂಕ: 12-10-1997

ಹೇಳಿಕೆ ಕೊಟ್ಟವರ ಸಹಿ: ನಂಜೇಶ್ ಡಿ.

ಸಾಕ್ಷಿ: ರಾಜೇಂದ್ರ ಬಿನ್ ದೇವಯ್ಯ, ಎಂ.ಎ., ಇವರ ಎಡಗೈ ಹೆಬ್ಬೆಟ್ಟಿನ ಗುರುತು