ಅಕ್ಕನ ಊಟದ ಫೋಟೊ

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತಿರುವ, ನಮ್ಮ ಪ್ರಾಣಿದಯಾ ಬಳಗದ ಅಧ್ಯಕ್ಷರಾದ ಡಾಕ್ಟರೇ, ಅವರ ಪಕ್ಕದಲ್ಲಿ ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಕಾರ್ಯದರ್ಶಿ ಮೇಡಂ ಅವರೇ, ಮುಂದಿನ ಸಾಲಿನ ಗಣ್ಯರೇ, ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಬುದ್ಧಿವಂತರೇ, ಬೇಸರವಾದರೆ ಹೊರಟುಹೋಗಲು ಅನುಕೂಲವಾಗಲೆಂದು ಬಾಗಿಲ ಬಳಿ ನಿಂತಿರುವ ನಮ್ಮ ಮಾರ್ಕೆಟ್ ಬೀದಿಯ ಹಿರಿಯರೇ, ಎಲ್ಲ ಸಭಿಕರೇ,

ಬಳಗದ ವಾರ್ಷಿಕೋತ್ಸವದ ದಿನ ನನ್ನನ್ನು ಸನ್ಮಾನಿಸಬೇಕೆಂದು ನೀವು ತೀರ್ಮಾನಿಸಿದ್ದೀರಿ. ಫಲಕ ತೆಗೆದುಕೊಂಡು, ಫೋಟೊ ತೆಗೆಸಿಕೊಂಡು, ಆಮೇಲೆ ನಾಲ್ಕು ಮಾತಾಡುವುದು ಎಲ್ಲರ ಪದ್ಧತಿ. ನಾನು ಮೊದಲು ಮಾತಾಡುತ್ತೇನೆ, ಫಲಕದ ವಿಷಯ ಆಮೇಲೆ ನೋಡೋಣ ಎಂದು ಕೇಳಿಕೊಂಡೆ. ಅಧ್ಯಕ್ಷರು ದೊಡ್ಡ ಮನಸ್ಸಿನವರು, ಒಪ್ಪಿಕೊಂಡರು. ಯಾಕೆ ಒಪ್ಪಿಕೊಂಡೆ ಎಂದು ಸ್ವಲ್ಪ ಹೊತ್ತಿನಲ್ಲಿ ಅವರಿಗೇ ಅನ್ನಿಸಬಹುದು.

ನನ್ನನ್ನು ಪರಿಚಯ ಮಾಡಿಕೊಟ್ಟವರು, ಕಾರಣಾಂತರಗಳಿಂದ ಓದು ಮೊಟಕುಗೊಂಡ ಯುವಕ ಎಂದರು. ಅವರ ಸೌಜನ್ಯಕ್ಕೆ ಋಣಿ. ಆದರೆ ಅಂಥ ಕಾರಣವೇನೂ ಇರಲಿಲ್ಲ. ಇಡೀ ದಿನ ಒಂದೇ ಬೆಂಚಿನ ಮೇಲೆ ಕೂರುವುದು ನನ್ನಿಂದ ಆಗಲಿಲ್ಲ. ಹತ್ತನೇ ತರಗತಿಯ ನಡುವೆ ಬ್ಯಾಗು ಹೆಗಲಿಗೇರಿಸಿಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ, 'ಇಷ್ಟು ಬೇಗ ಶಾಲೆ ಬಿಡ್ತಾ?' ಎಂದಳು. 'ಇಲ್ಲಕ್ಕ, ನಾನೇ ಬಿಟ್ಟೆ' ಎಂದೆ. ಅವತ್ತು ತಿಂದ ಏಟಿನ ಸದ್ದು ಬಾಗಿಲ ಬಳಿ ನಿಂತಿರುವ ಹಿರಿಯರಿಗೆ ಇನ್ನೂ ನೆನಪಿರಬೇಕು. ನಗುತ್ತಿದ್ದಾರೆ ನೋಡಿ, ನೆನಪಿದೆ.

ನನ್ನ ಅಕ್ಕ ಯಾರು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಮಾರ್ಕೆಟ್ ಬೀದಿಯ ತಿರುವಿನಲ್ಲಿ ಬಿಳಿ ಟೈಲ್ಸ್ ಹಾಕಿರುವ ಮಾಂಸದ ಅಂಗಡಿ ಅವಳದು. ಅದು ಅಪ್ಪ ಕಟ್ಟಿದ ಅಂಗಡಿ. ಅಪ್ಪ ಹೋದ ಮೇಲೆ ಅಂಗಡಿಯನ್ನೂ ನನ್ನನ್ನೂ ಸಾಕಿದವಳು ಅವಳು. ಎರಡರಲ್ಲಿ ಅಂಗಡಿಯೇ ಕಡಿಮೆ ಕಾಟ ಕೊಟ್ಟದ್ದು ಎನ್ನುತ್ತಾಳೆ. ಶಾಲೆ ಬಿಟ್ಟ ಮಾರನೆಯ ವಾರದಿಂದ ನಾನೂ ಅವಳ ಜೊತೆ ಹಿಂದಿನ ಅಂಗಳದಲ್ಲಿ ಕತ್ತಿ ಹಿಡಿದೆ. ಕೈ ಬೇಗ ಕುದುರಿತು. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಜಾಣ ಎಂದರು.

ಈಗ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿರುವ ನನ್ನ ಕಥೆಗೆ ಬರುತ್ತೇನೆ. ಕುರಿಯೊಂದರ ಕಣ್ಣಲ್ಲಿ ನೀರು ಕಂಡು ಈ ಯುವಕ ಕತ್ತಿಯನ್ನು ಬಾವಿಗೆ ಎಸೆದ ಎಂದು ಅದರಲ್ಲಿದೆ. ತುಂಬ ಚೆನ್ನಾಗಿದೆ, ನಾನೇ ಎರಡು ಸಲ ಓದಿದೆ. ಆದರೆ ನಮ್ಮ ಬೀದಿಯಲ್ಲಿ ಬಾವಿಯೇ ಇಲ್ಲ. ಕತ್ತಿ ಈಗಲೂ ಅಕ್ಕನ ಕೈಯಲ್ಲಿದೆ, ಒಳ್ಳೆಯ ಕತ್ತಿ. ಕುರಿಯ ಕಣ್ಣಲ್ಲಿ ನಾನು ನೀರು ಕಾಣಲಿಲ್ಲ. ನಿಜ ಹೇಳಬೇಕೆಂದರೆ, ನಾನು ಅದರ ಕಣ್ಣನ್ನೇ ನೋಡಿರಲಿಲ್ಲ.

ನಡೆದದ್ದು ಇಷ್ಟು. ಒಂದು ಬೆಳಿಗ್ಗೆ ಕೆಲಸ ಮುಗಿಸಿ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಒಳಗಿನಿಂದ ಅಕ್ಕ, 'ಏನೋ, ಇವತ್ತು ಭಾರಿ ಖುಷೀಲಿದ್ದೀಯ?' ಎಂದಳು. ಯಾಕೆ ಎಂದೆ. 'ಆಗ್ಲಿಂದ ಸಿಳ್ಳೆ ಹೊಡೀತಾ ಇದ್ದೀಯಲ್ಲ' ಎಂದಳು. ನನಗೆ ಗೊತ್ತೇ ಇರಲಿಲ್ಲ. ಕುರಿಯನ್ನು ಹಿಡಿಯುವಾಗ ಸಿಳ್ಳೆ ಹೊಡೆಯುತ್ತಿದ್ದೆ, ನೀರು ಹಾಕಿ ನೆಲ ತೊಳೆಯುವಾಗಲೂ ಹೊಡೆಯುತ್ತಿದ್ದೆ. ನಡುವೆ ಒಂದು ಜೀವ ಹೋಗಿತ್ತು, ಹಾಡು ನಿಂತಿರಲಿಲ್ಲ.

ಸಭಿಕರೇ, ಕಣ್ಣೀರು ಬಂದಿದ್ದರೆ ನಾನು ಬಿಡುತ್ತಲೇ ಇರಲಿಲ್ಲವೇನೋ. ಒಂದಿಷ್ಟು ಅತ್ತು, ಮನಸ್ಸು ಹಗುರ ಮಾಡಿಕೊಂಡು, ನಾನು ಒಳ್ಳೆಯವನು ಎಂದುಕೊಂಡು ಮಾರನೆಯ ದಿನ ಮತ್ತೆ ಅಂಗಳಕ್ಕೆ ಇಳಿಯುತ್ತಿದ್ದೆ. ಆ ಕೆಲಸ ಕಷ್ಟ ಎಂದು ನಾನು ಬಿಟ್ಟವನಲ್ಲ. ಅದು ನನಗೆ ಅಷ್ಟು ಸಲೀಸಾಗಿಬಿಟ್ಟಿತಲ್ಲ ಎಂದು ಹೆದರಿ ಬಿಟ್ಟವನು. ಕತ್ತಿ ಬಿಟ್ಟೆ, ತಿನ್ನುವುದನ್ನೂ ಬಿಟ್ಟೆ. ಇದನ್ನೇ ಕಾರ್ಯದರ್ಶಿ ಮೇಡಂ ಅವರಿಗೆ ಹೇಳಿದ್ದೆ. ಸಿಳ್ಳೆ ಹೊಡೆದದ್ದನ್ನು ಬರೆದರೆ ಜನರ ಮನಸ್ಸು ಕರಗುವುದಿಲ್ಲ ಎಂದರು. ಇರಬಹುದು. ಅವರಿಗೆ ಸ್ವಂತ ಪ್ರೆಸ್ಸಿದೆ, ಯಾವುದು ಕರಗಿಸುತ್ತದೆ ಎಂದು ಗೊತ್ತಿರುತ್ತದೆ.

ಹಾಗಂತ ನನ್ನ ಬಳಗವನ್ನು ಹೀಗಳೆಯಲು ಇಲ್ಲಿ ನಿಂತಿದ್ದೇನೆ ಎಂದುಕೊಳ್ಳಬೇಡಿ. ಭಾನುವಾರ ಭಾನುವಾರ ಮಾರ್ಕೆಟ್ಟಿನ ಎದುರು ಬೋರ್ಡು ಹಿಡಿದು ನಿಲ್ಲುವುದೆಂದರೆ ಏನು ಎಂದು ನಿಂತವರಿಗೇ ಗೊತ್ತು. ನಿಮ್ಮ ಕಾಲಲ್ಲಿರುವುದು ಚರ್ಮದ ಚಪ್ಪಲಿಯಲ್ಲವೇ ಎಂದು ಬಗ್ಗಿ ನೋಡುತ್ತಾರೆ. ಗಿಡಕ್ಕೂ ಜೀವವಿದೆ, ಗೊತ್ತಾ ಎನ್ನುತ್ತಾರೆ. ಹಾಗೆಂದವರಲ್ಲಿ ಒಬ್ಬರಾದರೂ ಗಿಡಕ್ಕೆ ಒಂದು ಚೊಂಬು ನೀರು ಹಾಕಿದ್ದನ್ನು ನಾನು ಕಂಡಿಲ್ಲ. ನಮ್ಮ ಅಧ್ಯಕ್ಷರು ಈ ಊರಿನ ಅರ್ಧ ಜನರ ಹಲ್ಲು ನೋಡಿದ ದಂತವೈದ್ಯರು. ಒಬ್ಬ ಅವರ ಮುಂದೆ ಬಾಯಿ ತೆರೆದು ತೋರಿಸಿ, 'ಇಷ್ಟು ವರ್ಷ ನಮ್ಮ ಕೋರೆಹಲ್ಲು ರಿಪೇರಿ ಮಾಡಿಬಿಟ್ಟು ಈಗ ಮಾಂಸ ತಿನ್ಬೇಡಿ ಅಂದ್ರೆ ಹೇಗೆ ಡಾಕ್ಟ್ರೇ?' ಎಂದ. 'ದಿನಾ ಬ್ರಷ್ ಮಾಡು ಅಂದಿದ್ದನ್ನೂ ನೀನು ಕೇಳ್ಲಿಲ್ಲ ಬಿಡಪ್ಪ' ಎಂದರು ಡಾಕ್ಟರು. ಇನ್ನೊಂದು ಭಾನುವಾರ ಯಾರೋ ನೆಲ ತೊಳೆದ ನೀರನ್ನು ಅವರ ಮೇಲೆ ಎರಚಿದರು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಅಲ್ಲೇ ನಿಂತರು. ನಾನು ಈ ಬಳಗಕ್ಕೆ ಸೇರಿದ್ದು ಅವತ್ತು. ಯಾವ ಕರಪತ್ರವನ್ನೂ ಓದಿ ಸೇರಿದವನಲ್ಲ.

ನಮ್ಮನ್ನು ಕಂಡರೆ ಜನರಿಗೆ ಯಾಕಿಷ್ಟು ಸಿಟ್ಟು? ನಾವು ಏನು ಕಿತ್ತುಕೊಂಡಿದ್ದೇವೆ? ಅವರ ತಟ್ಟೆ ಅವರ ಮುಂದೆಯೇ ಇರುತ್ತದೆ. ನನಗೆ ತಿಳಿದಂತೆ, ಉತ್ತರ ಬೇಡವೆಂದು ಅವರು ಸುಮ್ಮನೆ ಬಿಟ್ಟ ಒಂದು ಪ್ರಶ್ನೆಯನ್ನು ನಾವು ಬೀದಿಯಲ್ಲಿ ನಿಂತು ಗಟ್ಟಿಯಾಗಿ ಕೇಳುತ್ತೇವೆ. ಆ ಪ್ರಶ್ನೆ ಸರಿಯಾದದ್ದು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅಕ್ಕನಿಗೂ ಹೇಳಿದ್ದೇನೆ. ಒಂದೇ ಮೇಜಿಗೆ ಎದುರುಬದುರು ಕೂತು, 'ಅಕ್ಕ, ನೀನು ಮಾಡ್ತಿರೋದು ತಪ್ಪು ಅಂತ ನನಗನ್ಸುತ್ತೆ' ಎಂದೆ. ಅವಳು ನನಗೆಂದು ಬೇರೆ ಪಾತ್ರೆಯಲ್ಲಿ ಬೇಯಿಸಿದ್ದ ಕಾಳನ್ನು ನನ್ನ ತಟ್ಟೆಗೆ ಬಡಿಸಿ, 'ಗೊತ್ತು. ಊಟ ಮಾಡು' ಎಂದಳು. ಅಂಗಡಿಗೆ ಬಂದವರು, ನಿಮ್ಮ ತಮ್ಮನೇ ಅಲ್ಲವೇ ಆಚೆ ಬೋರ್ಡು ಹಿಡಿದು ನಿಂತಿರುವುದು ಎಂದು ಚುಚ್ಚಿದರೆ, 'ಹೌದು. ಮೂಳೆ ಸಮೇತ ಕೊಡ್ಲಾ, ಬರೀ ಮಾಂಸ ಸಾಕಾ?' ಎಂದು ಕೇಳುತ್ತಿದ್ದಳು. ನಾವಿಬ್ಬರೂ ಹೀಗೇ ಹೊಂದಿಕೊಂಡಿದ್ದೆವು. ಆ ಫೋಟೊ ಬರುವವರೆಗೆ.

ಫೋಟೊದ ಬಗ್ಗೆ ಹೇಳುವ ಮೊದಲು ನಮ್ಮ ಅಪ್ಪನ ಅಂಗಡಿಯ ಒಂದು ಕಟ್ಟುಪಾಡನ್ನು ಹೇಳಬೇಕು. ಅಪ್ಪ ಕತ್ತಿಯನ್ನು ಯಾವಾಗಲೂ ಒದ್ದೆ ಬಟ್ಟೆಯಲ್ಲಿ ಮುಚ್ಚಿಡುತ್ತಿದ್ದರು, ಕುರಿಗೆ ಕಾಣಬಾರದೆಂದು. ಕೊಯ್ಯುವವನೇ ಅದಕ್ಕೆ ನೀರು ಕುಡಿಸಬೇಕು. ಒಂದರ ಎದುರಿಗೆ ಇನ್ನೊಂದನ್ನು ತರಬಾರದು. ಇವೆಲ್ಲ ಬೇರೆ ಅಂಗಡಿಗಳಲ್ಲೂ ಇರಬಹುದು. ನಮ್ಮಲ್ಲಿ ಮಾತ್ರ ಇದ್ದದ್ದು ಇನ್ನೊಂದು. ಯಾರ ಕೈ ಕೊಯ್ದಿತೋ ಅವರು ಅಂದು ಮಾಂಸ ತಿನ್ನುವಂತಿಲ್ಲ. ಅಂಗಡಿ ಮುಚ್ಚಿದ ವಾರದ ರಜೆಯಲ್ಲಿ ಮಾತ್ರ ತಿನ್ನಬಹುದು. ಉಳಿದ ದಿನಗಳಲ್ಲಿ ಬ್ರೆಡ್ಡು, ಬೇಯಿಸಿದ ಕಾಳು, ಒಂದು ಹಣ್ಣು. ಯಾಕೆ ಎಂದು ಅಪ್ಪ ಎಂದೂ ಹೇಳಲಿಲ್ಲ. ನಾವು ಕೇಳಲೂ ಇಲ್ಲ. ಕೊಯ್ದದ್ದಕ್ಕೆ ಅಷ್ಟಾದರೂ ಬೆಲೆ ತೆರಬೇಕು ಅಂದುಕೊಂಡಿದ್ದರೋ, ಬಾಯಿ ಕೇಳಿತೆಂದು ಕೈ ಕೊಯ್ಯಬಾರದು ಅಂದುಕೊಂಡಿದ್ದರೋ, ಅವರಿಗೇ ಗೊತ್ತು. ಅಪ್ಪ ಹೋದ ಮೇಲೂ ಅಕ್ಕ ಅದನ್ನು ತಪ್ಪಿಸಿರಲಿಲ್ಲ.

ಬಳಗದವರು ಒಂದು ಮಧ್ಯಾಹ್ನ ಅಕ್ಕನನ್ನು ಮಾತಾಡಿಸಲು ಅಂಗಡಿಗೆ ಬಂದರು. ಅವಳು ಒಳಗೆ ಸ್ಟೂಲಿನ ಮೇಲೆ ಕೂತು ಊಟ ಮಾಡುತ್ತಿದ್ದಳು. ಎದ್ದು ಕುರ್ಚಿ ಹಾಕಿದಳು, ಟೀ ತರಿಸಿದಳು. ಮಾಂಸದಂಗಡಿಯವಳ ಡಬ್ಬಿಯಲ್ಲಿ ಕಾಳು ಕಂಡು ನಮ್ಮವರಿಗೆ ಆದ ಆಶ್ಚರ್ಯ ಅಷ್ಟಿಷ್ಟಲ್ಲ. ಕೇಳಿದರು. ಕೊಯ್ದ ದಿನ ತಿನ್ನುವುದಿಲ್ಲ ಎಂದು ಅಕ್ಕ ಸರಳವಾಗಿ ಹೇಳಿದಳು. ಯಾರೋ ಫೋನು ಎತ್ತಿ ಒಂದು ಫೋಟೊ ತೆಗೆದರು. ಬಂದವರು ನೆನಪಿಗೆ ತೆಗೆದುಕೊಂಡರು ಎಂದುಕೊಂಡು ಅವಳು ಊಟ ಮುಂದುವರಿಸಿದಳು.

ಮುಂದಿನ ವಾರ ಬಂದ ಕರಪತ್ರವನ್ನು ನೀವೆಲ್ಲ ನೋಡಿದ್ದೀರಿ. ಅಕ್ಕ, ಅವಳ ಡಬ್ಬಿ, ಹಿಂದೆ ಕೊಕ್ಕೆಗೆ ನೇತುಬಿದ್ದ ಮಾಂಸ. ಮೇಲೆ ದೊಡ್ಡ ಅಕ್ಷರದಲ್ಲಿ 'ಮಾರುವವರೇ ತಿನ್ನದ ಮಾಂಸ ನಿಮಗೇಕೆ?' ಎಂದು.

ಓದಿದವರ ಮನಸ್ಸಿನಲ್ಲಿ ಕರುಣೆ ಹುಟ್ಟುತ್ತದೆ ಎಂದು ನಮ್ಮವರು ಎಣಿಸಿದ್ದರು. ಹುಟ್ಟಿದ್ದು ಅನುಮಾನ. 'ಏನಮ್ಮ, ಮಾಲು ಹಳೇದಾ? ನೀವೇ ತಿನ್ನಲ್ವಂತೆ?' ಎಂದು ಅಪ್ಪನ ಕಾಲದಿಂದ ಬರುತ್ತಿದ್ದ ಗಿರಾಕಿಗಳು ಕೇಳಿದರು. ಅಕ್ಕ ಅಪ್ಪನ ಕಟ್ಟುಪಾಡನ್ನು ವಿವರಿಸಲು ಹೋದಳು. ಕತ್ತಿ, ಕೈ, ರಜೆಯ ದಿನ ಎಂದೆಲ್ಲ ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಎದುರಿನ ಮಾಂಸದಂಗಡಿಯ ಮೀಸೆ ಮಾವ ಅದೇ ಕರಪತ್ರವನ್ನು ತನ್ನ ಬಾಗಿಲಿಗೆ ಅಂಟಿಸಿ, ಕೆಳಗೆ ಸೀಮೆಸುಣ್ಣದಲ್ಲಿ 'ನಾವು ದಿನಾ ತಿನ್ನುತ್ತೇವೆ' ಎಂದು ಬರೆದರು. ಮಾವ, ಬಾಗಿಲ ಹಿಂದೆ ಅವಿತುಕೊಳ್ಳಬೇಡಿ, ಬರೆದದ್ದು ಚೆನ್ನಾಗಿಯೇ ಇತ್ತು. ಸಾಲು ಅಲ್ಲಿಗೆ ಹೋಯಿತು. ಅಕ್ಕನ ಅಂಗಡಿ ಖಾಲಿಯಾದದ್ದನ್ನು ನಮ್ಮ ಸಭೆಯಲ್ಲಿ ಜಯ ಎಂದು ಓದಿ ಹೇಳಿ ಚಪ್ಪಾಳೆ ತಟ್ಟಲಾಯಿತು. ನಾನು ಎದ್ದು ನಿಂತು ಒಂದು ಮಾತು ಕೇಳಿದೆ. ಈ ಬೀದಿಯಲ್ಲಿ ಒಂದಾದರೂ ಕುರಿ ಉಳಿಯಿತೇ? ಅಂಗಡಿ ಬದಲಾಯಿತು, ಕುರಿಗೇನು ಬದಲಾಯಿತು? ಬಿಸ್ಕೆಟ್ ತಟ್ಟೆ ನನ್ನ ಕಡೆಗೆ ಬಂತು.

ಆಮೇಲಿನ ಭಾನುವಾರ ನಾನು ಬೋರ್ಡು ಹಿಡಿದು ನಿಂತಿದ್ದೆ. ಊಟದ ಹೊತ್ತಿಗೆ ಅಕ್ಕ ಒಳಗಿದ್ದ ಸ್ಟೂಲನ್ನು ಅಂಗಡಿಯ ಮುಂದಕ್ಕೆ, ಬೀದಿಗೆ ಕಾಣುವ ಹಾಗೆ ಎಳೆದುಕೊಂಡಳು. ಡಬ್ಬಿ ತೆರೆದಳು. ಅವತ್ತು ಬೆಳಿಗ್ಗೆ ತಾನೇ ಕೊಯ್ದದ್ದನ್ನು, ನಾಲ್ಕು ಜನ ನೋಡುವಂತೆ, ತಿಂದಳು. ಜ್ವರದಲ್ಲಿ ಔಷಧಿ ನುಂಗುವ ಹಾಗೆ, ಪ್ರತಿ ತುತ್ತಿಗೂ ನೀರು ಕುಡಿಯುತ್ತ ತಿಂದಳು. ನನ್ನ ಕಡೆ ನೋಡಲಿಲ್ಲ. ಅವಳು ತಿನ್ನುವುದನ್ನು ನೋಡಿದ ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸು ಬಂದರು. ಆಗಿನಿಂದ ದಿನವೂ ಹಾಗೆಯೇ.

ಯಾಕೆ ತಿನ್ನುತ್ತೀಯ ಎಂದು ಕೆಲವು ದಿನ ಬಿಟ್ಟು ಮನೆಯಲ್ಲಿ ಕೇಳಿದೆ.

'ಅಂಗಡಿ ನಡೀಬೇಕಲ್ಲ' ಎಂದಳು.

'ಅಪ್ಪ ಹೇಳಿದ್ದು?'

'ಅಪ್ಪನ ಕಾಲದಲ್ಲಿ ಊಟ ಮಾಡೋವಾಗ ಯಾರೂ ಫೋಟೊ ತೆಗೀತಿರ್ಲಿಲ್ಲ.'

ಆಮೇಲೆ ತಟ್ಟೆ ತೊಳೆಯುತ್ತ, ನನಗೆ ಬೆನ್ನು ಹಾಕಿಕೊಂಡೇ, 'ಮೊದಲ್ನೇ ದಿನ ಗಂಟಲಲ್ಲಿ ಇಳೀಲೇ ಇಲ್ಲ ಕಣೋ. ಈಗ ಇಳಿಯುತ್ತೆ' ಎಂದಳು.

ಸಭಿಕರೇ, ಈ ಸಭಾಂಗಣದಲ್ಲಿ ಆ ಮಾತಿನ ಅರ್ಥ ಅಂಗಳದಲ್ಲಿ ಸಿಳ್ಳೆ ಹೊಡೆದ ನನ್ನಷ್ಟು ಚೆನ್ನಾಗಿ ಇನ್ನು ಯಾರಿಗೆ ಆದೀತು? ಯಾರ ಉಪದೇಶವೂ ಇಲ್ಲದೆ, ಯಾರ ಚಪ್ಪಾಳೆಯೂ ಇಲ್ಲದೆ, ಒಂದು ಮಾಂಸದಂಗಡಿಯೊಳಗೆ ಒಂದು ಹಿಂಜರಿಕೆ ಇಷ್ಟು ವರ್ಷ ಉಸಿರಾಡಿಕೊಂಡಿತ್ತು. ನಾವು ಹೊರಗೆ ಬೋರ್ಡು ಹಿಡಿದು ಜನರಲ್ಲಿ ಹುಟ್ಟಿಸಬೇಕೆಂದು ಹೆಣಗಾಡುತ್ತಿರುವುದೂ ಅದನ್ನೇ ಅಲ್ಲವೇ? ಅದನ್ನು ಕಂಡ ಕೂಡಲೇ ನಾವು ಏನು ಮಾಡಿದೆವು? ಅಚ್ಚು ಹಾಕಿಸಿ ಹಂಚಿದೆವು, ಹಂಚಿ ಹಂಚಿಯೇ ಅದನ್ನು ಮುಗಿಸಿದೆವು.

ಈ ಕರಪತ್ರ ಹಿಂತೆಗೆಯಿರಿ, ಇದು ತಪ್ಪೆಂದು ಒಂದು ಸಾಲು ಅಚ್ಚು ಹಾಕಿಸಿ ಎಂದು ಕಾರ್ಯದರ್ಶಿ ಮೇಡಂ ಅವರನ್ನು ಅವರ ಪ್ರೆಸ್ಸಿಗೇ ಹೋಗಿ ಕೇಳಿಕೊಂಡೆ. ಒಬ್ಬರ ಊಟಕ್ಕಿಂತ ಉದ್ದೇಶ ದೊಡ್ಡದು ಎಂದರು. ಉದ್ದೇಶ ದೊಡ್ಡದೇ ಮೇಡಂ, ಒಪ್ಪುತ್ತೇನೆ. ಆದರೆ ನಮ್ಮ ಉದ್ದೇಶವೇ ಊಟದ ವಿಷಯ. ಒಂದೊಂದು ತುತ್ತಿಗೂ ಮುನ್ನ ಯೋಚಿಸಿ ಎಂದು ಊರಿಗೆಲ್ಲ ಹೇಳುವ ನಾವು, ಹಾಗೆ ಯೋಚಿಸುತ್ತಿದ್ದ ಒಬ್ಬಳ ಬಾಯಿಗೆ ತುತ್ತು ತುರುಕಿದ್ದೇವೆ. ಕರಪತ್ರ ಬೀದಿಯಲ್ಲಿ ಇರುವವರೆಗೆ ಅವಳು ಸ್ಟೂಲನ್ನು ಒಳಕ್ಕೆ ಎಳೆದುಕೊಳ್ಳುವಂತಿಲ್ಲ.

ಆದ್ದರಿಂದ ಫಲಕದ ವಿಷಯ. ಅದರ ಮೇಲೆ 'ಕರುಣೆಯ ಕಣ್ಣೀರಿಗೆ' ಎಂದು ಕೆತ್ತಿಸಿದ್ದೀರಿ. ಹಾಗೆ ಅತ್ತವರು ಬೇರೆ ಯಾರಾದರೂ ಸಿಕ್ಕರೆ ಅವರಿಗೆ ಕೊಡಿ. ನಾನು ಬಳಗ ಬಿಡುವುದಿಲ್ಲ. ಬಿಟ್ಟರೆ ಮೀಸೆ ಮಾವ ಅದಕ್ಕೂ ಒಂದು ಬೋರ್ಡು ಬರೆಯುತ್ತಾರೆ. ಮುಂದಿನ ಭಾನುವಾರವೂ ಅಲ್ಲೇ ನಿಲ್ಲುತ್ತೇನೆ, ಮನೆಗೆ ಹೋಗಿ ಅಕ್ಕನಿಗೆ ಅವಳು ಮಾಡುತ್ತಿರುವುದು ತಪ್ಪೆಂದು ಹೇಳುವುದನ್ನೂ ಬಿಡುವುದಿಲ್ಲ. ಅದು ನಮ್ಮಿಬ್ಬರ ಜಗಳ, ನಾವು ನೋಡಿಕೊಳ್ಳುತ್ತೇವೆ.

ಕೊನೆಯ ಒಂದು ಮಾತು ಹೇಳಿ ಮುಗಿಸುತ್ತೇನೆ. ಇವತ್ತು ಒಳಗೆ ಬರುವಾಗ ಬಾಗಿಲ ಪಕ್ಕದ ಮೇಜಿನ ಕೆಳಗೆ ಹೊಸ ಪೆಟ್ಟಿಗೆಗಳನ್ನು ನೋಡಿದೆ. ಅದೇ ಕರಪತ್ರ, ಎರಡನೆಯ ಮುದ್ರಣ, ಈ ಸಲ ಬಣ್ಣದಲ್ಲಿ. ಸಭೆ ಮುಗಿದ ಮೇಲೆ ಒಬ್ಬೊಬ್ಬರ ಕೈಗೂ ಕೊಡುವುದೆಂದು ತೀರ್ಮಾನವಾಗಿದೆಯಂತೆ. ಡಾಕ್ಟರೇ, ನಾನು ಬಳಗಕ್ಕೆ ಸೇರಿದ ಹೊಸದರಲ್ಲಿ ನೀವು ನಮಗೊಂದು ಪಾಠ ಹೇಳಿಕೊಟ್ಟಿರಿ. ತಪ್ಪು ನಡೆಯುತ್ತಿದ್ದರೆ ಅದರ ದಾರಿಯಲ್ಲಿ ಹೋಗಿ ಕೂರಬೇಕು. ಯಾರನ್ನೂ ಬೈಯಬಾರದು, ಯಾರ ಮೇಲೂ ಕೈ ಎತ್ತಬಾರದು. ಎಳೆಯಲು ಬಂದರೆ ಕೈಕಾಲು ಸಡಿಲ ಬಿಟ್ಟುಬಿಡಬೇಕು, ಆಗ ಮನುಷ್ಯ ದುಪ್ಪಟ್ಟು ಭಾರವಾಗುತ್ತಾನೆ ಎಂದಿರಿ. ಶಾಲೆಯ ಪಾಠಗಳು ನನಗೆ ಒಂದೂ ತಲೆಗೆ ಹತ್ತಲಿಲ್ಲ, ಇದು ಹತ್ತಿದೆ.

ಈಗ ಕೆಳಗಿಳಿದು ಆ ಪೆಟ್ಟಿಗೆಗಳ ಮೇಲೆ ಹೋಗಿ ಕೂರುತ್ತಿದ್ದೇನೆ. ಎಳೆಯುವುದಕ್ಕೆ ನೀವೇ ಬರಬೇಕಾಗುತ್ತದೆ ಡಾಕ್ಟರೇ, ಬೇರೆಯವರು ಬಂದರೆ ನಾನು ಏಳುವುದಿಲ್ಲ. ನಿಮಗೆ ವಯಸ್ಸಾಗಿದೆ, ಸೊಂಟ ಹಿಡಿದುಕೊಂಡೀತು. ಅದರ ಬದಲು ಪಕ್ಕದಲ್ಲಿ ಕೂತರೂ ಆಗುತ್ತದೆ, ಪೆಟ್ಟಿಗೆಗಳ ಮೇಲೆ ಇನ್ನೊಬ್ಬರಿಗೆ ಜಾಗವಿದೆ.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದೆ ಇದ್ದದ್ದಕ್ಕೆ ವೇದಿಕೆಗೂ, ಹೊರಟುಹೋಗದೆ ನಿಂತದ್ದಕ್ಕೆ ಬಾಗಿಲ ಬಳಿಯ ಹಿರಿಯರಿಗೂ ನಾನು ಕೃತಜ್ಞ. ಸ್ವಲ್ಪ ದಾರಿ ಬಿಡಿ, ಬರುತ್ತಿದ್ದೇನೆ. ನಮಸ್ಕಾರ.